ವಜಾ

ಜತ್ತ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ನನ್ನ ಟೈಪ್‌ರೈಟರು. ಮರಾಠಿಯದು.
ಕನ್ನಡ ನನ್ನ ಬಾಯಲ್ಲಿದೆ,
ಕೀಲಿಗಳಲ್ಲಿ ಇಲ್ಲ.

ಉಮದಿಯ ಬೌರವ್ವ ಬಂದಳು, ಹನ್ನೆರಡರ ಬಸ್ಸಿಗೆ.
ಕನ್ನಡ ಸಾಲೆಯಲ್ಲಿ ಹತ್ತೊಂಬತ್ತು ವರ್ಷ
ಖಿಚಡಿ ಕುದಿಸಿದ ಕೈ.
ಒಂದು ದಿನ ಕಾಗದ ಬಂತು, ಮಾಸ್ತರು ಓದಿ ಹೇಳಿದರು:
ನಿನ್ನ ವಜಾ ಮಾಡ್ಯಾರ.

ಈಗ ದಿಲ್ಲಿಯ ತೀರ್ಪು ನನ್ನ ಮೊಬೈಲಿನಲ್ಲಿ,
ಮೂವತ್ತೊಂದು ಪುಟ, ಎಲ್ಲ ಇಂಗ್ಲಿಷ್.
ಕೊನೆಯ ಪುಟಕ್ಕೆ ಬೆರಳು ಸರಿಸಿ
ಮೂರ್ಖ ನಾನು, ಬಾಯಿಗೆ ಬಂದದ್ದನ್ನೇ ಅಂದೆ:
"ಅಪೀಲು ವಜಾ."

ಅವಳು ಏನೂ ಕೇಳಲಿಲ್ಲ.
ಹರವಿದ್ದ ಕಾಗದಗಳನ್ನು ಮಡಚಿ
ರೊಟ್ಟಿಯ ಗಂಟಿನ ಕೆಳಗಿಟ್ಟು ಎದ್ದಳು.
"ಇರ್ಲಿ ಬಿಡ್ರಿ. ಗೊತ್ತಿದ್ದ ಶಬ್ದನ ಅದು."

ಬಸ್‌ಸ್ಟ್ಯಾಂಡಿನ ತನಕ ಹಿಂದೆ ಓಡಿದೆ,
ಒಂದು ಚಪ್ಪಲಿ ಮೇಜಿನಡಿಯೇ ಉಳಿಯಿತು.
"ಅಪೀಲು ನಿಂದಲ್ಲವ್ವಾ, ಸರಕಾರದ್ದು!
ವಜಾ ಆದದ್ದು ಅವರದು!"

ನಿಂತಳು. ಬಹಳ ಹೊತ್ತು ನನ್ನ ಬರಿಗಾಲನ್ನೇ ನೋಡಿದಳು.
"ಮೊಮ್ಮಗಳ ಮರಾಠಿ ಲೆಕ್ಕದಾಗ
ವಜಾ ಅಂದ್ರ ಕಳಿಯೂದು.
ಕಳದದ್ದರಾಗ ಮತ್ತ ಕಳದ್ರ
ಎಷ್ಟ ಉಳೀತೈತ್ರಿ?"

ಏಳು ವರ್ಷದ ಪಗಾರ, ಅಂದೆ. ಬಡ್ಡಿ ಇಲ್ಲ, ಅಂದೆ.
ಅರವತ್ತು ದಾಟಿದ್ದರಿಂದ
ಸಾಲೆಗೆ ಮರಳುವ ಮಾತು ತೀರ್ಪಿನಲ್ಲಿ ಇಲ್ಲ,
ಅದನ್ನೂ ಅಂದೆ, ಸಣ್ಣ ದನಿಯಲ್ಲಿ.

ಕೆಂಪು ಬಸ್ಸು ಅಲುಗಿದಾಗ
ಕಿಟಕಿಯಿಂದ ಬಗ್ಗಿ ಕೇಳಿದಳು:
"ಈಗ ಆ ಒಲಿ ಯಾರು ಹಚ್ಚತಾರ,
ಅದರಾಗ ಬರದಾರೇನು, ಸ್ವಲ್ಪ ನೋಡ್ರಿ."