ಟೆರ್ನೋಯ್‌ಗೆ ದೋಣಿ

ಕ್ಲಾಕ್ಸ್‌ವೀಕ್‌ನಲ್ಲಿ, ಉಣ್ಣೆ ಅಂಗಡಿಯ ಮೇಲಿನ ಮಹಡಿ.
ಕಿಟಕಿಗೆ ಉಪ್ಪು ಹತ್ತಿದೆ.
ಎಲ್ಸ್‌ಪಾ ಹಾದಿಗಳನ್ನು ಬರೆಯುತ್ತಿದ್ದಾಳೆ
ಒಂದರ ಕೆಳಗೊಂದು:
ದೋಣಿ, ಟಿಕೆಟ್ಟು, ಗಾಳಿ-ಅಲೆ, ಕಳೆದ ಸಾಮಾನು,
ಕಟ್ಟಕಡೆಗೆ ಒಂದು ನಕ್ಷತ್ರ.

ನಕ್ಷತ್ರ ಅಂದರೆ
ಮತ್ತಿನ್ಯಾವುದೇ ಆಗಲಿ, ಬಾ.
ಕೆಲಸಕ್ಕೆ ಸೇರಿದ ವಾರ ಅದನ್ನು ಮೊದಲಿಗೇ ಇಟ್ಟಿದ್ದಳು.
ಬಂದವರನ್ನೆಲ್ಲ ನುಂಗಿ ಕೂತಿತ್ತು,
ಟಿಕೆಟ್ಟಿಗೆ ಬಂದವರನ್ನೂ.
ಹಾನುಸ್ ನಕ್ಕಿದ್ದ:
ಹೊಸ್ತಿಲಲ್ಲಿ ಕೂತ ಅತ್ತೆ ಯಾರನ್ನೂ ಒಳಗೆ ಬಿಡಳು,
ಹಿತ್ತಲಿಗೆ ಕಳಿಸು.

ದೂರದ ಸರ್ವರಿಗೆ ಇಲ್ಲ ಎನ್ನಲು ಬಾರದು.
ಏನು ಕೇಳಿದರೂ ಹೂಂ,
ಇನ್ನೂರು, ತಗೋ,
ಎಲ್ಲರಿಗೂ ಅದೇ ಒಂದು ಖಾಲಿ ಪುಟ.
ಇಲ್ಲ ಎನ್ನುವ ಕಷ್ಟ
ಕೇಳಿದವರ ಅಂಗೈಯೊಳಗೇ,
ಅವರ ಫೋನಿನಲ್ಲೇ ನಡೆಯಬೇಕು.

ದಾಖಲೆಯಲ್ಲಿ ಒಂದು ಸಾಲು:
/ದೋಣಿ/ಟೆರ್ನೋಯ್
ಮಂಗಳವಾರ, ಬೆಳಗಿನ ಆರೂ ಹತ್ತು.
ಅದರ ಹಿಂದಿನ ಮಂಗಳವಾರ, ಆರೂ ಹತ್ತು.
ಅದಕ್ಕೂ ಹಿಂದೆ.
ಆ ದ್ವೀಪಕ್ಕೆ ದೋಣಿ ನಿಂತು ಹನ್ನೊಂದು ವರ್ಷ.
ಅಲ್ಲೀಗ ಕುರಿಗಳಿವೆ,
ಹಗ್ಗ ಕಟ್ಟುವ ಕಬ್ಬಿಣದ ಉಂಗುರವೊಂದು ತುಕ್ಕು ಹಿಡಿಯುತ್ತಿದೆ.

ಹೊಂದದ ವಿಳಾಸ ಬಂದರೆ
ಸದ್ದಿಲ್ಲದೆ ಮುಖಪುಟಕ್ಕೆ ತಿರುಗಿಸು:
ಹೋದ ವರ್ಷ ತಾನೇ ಬರೆದ ಸಾಲು.
ಮರ್ಯಾದೆ ಅಂದುಕೊಂಡಿದ್ದಳು.
ಈಗ ಓದಿದರೆ,
ಕದ ತಟ್ಟಿದವರ ಭುಜ ಹಿಡಿದು
ಪೇಟೆ ಚೌಕದಲ್ಲಿ ಬಿಟ್ಟುಬಂದ ಹಾಗಿದೆ.
ತಟ್ಟಿದ ಗುರುತೂ ಇಲ್ಲ, ವಿಳಾಸವೂ ಒರೆಸಿಹೋಗಿ,
ಹಿಂದಕ್ಕೆ ಒತ್ತಿದರೆ
ಮತ್ತದೇ ಚೌಕ, ಮತ್ತದೇ ನಗುವ ಪ್ರವಾಸಿಗರ ಚಿತ್ರ.

ಅಳಿಸಿದಳು.
ಬರೆದಳು: ನೀವು ಕೇಳಿದ್ದು ಟೆರ್ನೋಯ್.
ಅಲ್ಲಿಗೆ ದೋಣಿ ಇಲ್ಲ.
ತುಸು ಹೊತ್ತು ಬಿಟ್ಟು, ಇಲ್ಲದ ಮುಂದೆ
'ಈಗ' ಎಂಬ ಪದ ತುರುಕಿದಳು.
ಈಗ ಬೇಡ, ಆಸೆ ಹುಟ್ಟಿಸುತ್ತೆ, ಅಂದ ಹಾನುಸ್.
ತೆಗೆದಳು. ಕಾಫಿ ಕುಡಿದು ಬಂದು ಮತ್ತೆ ಹಾಕಿದಳು.
ಕೆಳಗೆ ಬಂದರು ಕಚೇರಿಯ ನಂಬರು,
ಸೋಮವಾರ ರಜೆ ಎಂಬುದನ್ನೂ ಸೇರಿಸಿ.
ವಿಳಾಸವನ್ನು ಮಾತ್ರ ಮುಟ್ಟಲಿಲ್ಲ,
ಅವರು ಬರೆದದ್ದು ಅವರು ಬರೆದಂತೆಯೇ ಇರಲಿ.

ಮಂಗಳವಾರ ಬಂತು. ಆರೂ ಹತ್ತು.
ಹಿಂದೆಲ್ಲ ನಾಲ್ಕೇ ಸೆಕೆಂಡು ನಿಂತು ಹೋಗುತ್ತಿದ್ದವರು
ಏಳೂಕಾಲಾದರೂ ಪುಟ ಮುಚ್ಚಿರಲಿಲ್ಲ.
ನಂಬರು ಒತ್ತಿದರೋ, ಫೋನು ಮೇಜಿನ ಮೇಲಿಟ್ಟು
ಒಲೆ ಹಚ್ಚಲು ಎದ್ದರೋ,
ದಾಖಲೆ ಅದನ್ನು ಬರೆಯುವುದಿಲ್ಲ.

ಕೆಳಗೆ ಉಣ್ಣೆ ಅಂಗಡಿಯವಳು ಕದ ತೆಗೆದಳು.