ಹಿಂದಿನ ಬುಟ್ಟಿಯ ತೂಕ

ಒಮ್ಮೆ ಬರೆದರೆ ಸಾಕು, ಎಲ್ಲ ಕಡೆ ಓಡುತ್ತದೆ
ಎಂದು ನಂಬಿಸಿದವಳು ನಾನೇ, ಕದ್ರಿಯ ಏಸಿ ರೂಮಿನಲ್ಲಿ,
ಮೊಬೈಲಿಗೂ ಟ್ಯಾಬಿಗೂ ಐಸ್ ಅಂಗಡಿಯ
ಮುದಿ ಕಂಪ್ಯೂಟರಿಗೂ ಒಂದೇ ಅಂಗಿ ಹೊಲಿದು.

ಬೆಳಗಿನ ನಾಲ್ಕೂವರೆಗೆ, ಬಂದರಿನ ಧಕ್ಕೆಯಲ್ಲಿ,
ತಕ್ಕಡಿಗೆ ಆ ಅಂಗಿಯ ಹಂಗಿಲ್ಲ.
ಬಂಗುಡೆ ಇಟ್ಟರೆ ಬೂತಾಯಿಯ ತೂಕ,
ಬೂತಾಯಿ ಇಟ್ಟರೆ ಅದರ ಮುಂಚಿನ ಅಂಜಲಿನದು.
ಪರದೆ ಮಾತ್ರ ಚೆಂದ: ನೀಲಿ ಗುಂಡಿ, ದುಂಡು ಅಂಕಿ.

"ಇದು ನನ್ನ ಬುಟ್ಟಿಯದ್ದಲ್ಲ" ಎಂದರು ಬೇಬಿಯಕ್ಕ,
ಪರದೆಯ ಕಡೆ ನೋಡದೆಯೇ.
"ನನ್ನದು ಇಪ್ಪತ್ತೆರಡು. ಸೊಂಟಕ್ಕೆ ಗೊತ್ತು."

ಏಲಂ ಕೂಗುವ ಹಸನಬ್ಬ
ತುಳುವಿನಲ್ಲಿ ಶುರುಮಾಡಿ, ಬ್ಯಾರಿಯಲ್ಲಿ ಏರಿಸಿ,
ಕಾಸರಗೋಡಿನ ಲಾರಿಯವನಿಗೆ ಮಲಯಾಳದಲ್ಲಿ ಮುಗಿಸಿ
ಕನ್ನಡದಲ್ಲಿ ಚೀಟಿ ಬರೆಸುತ್ತಾರೆ.
ನನ್ನ ಫ್ರೇಮ್‌ವರ್ಕೂ ಹೀಗೇ ಅಲ್ಲವೇ ಎಂದುಕೊಂಡೆ.
ಆದರೆ ತಕ್ಕಡಿ ಮುನಿದಾಗ ಅವರು
ಯಾವ ಭಾಷೆಯನ್ನೂ ಆಡಲಿಲ್ಲ,
ಎಡಮಗ್ಗುಲಿಗೆ ಒಂದು ಒದೆ.
ಸೊನ್ನೆಗೆ ಬಂತು.

ಆಮೇಲೆ ನಾನೂ ಕೆಳಗಿಳಿದೆ.
ಉಪ್ಪು ಕಟ್ಟಿದ ಕೇಬಲ್ಲು, ಒಂಬತ್ತು ಪಿನ್ನು,
ಎರಡನೆಯದಕ್ಕೆ ಹಸಿರು ಕಿಲುಬು.
ಸೆಕೆಂಡಿಗೆ ಐದು ಸಲ ಅದು ತೂಕ ಹೇಳುತ್ತಲೇ ಇತ್ತು;
ನಡುವೆ ನಿಂತ ನನ್ನ ಪದರ, ಪದರದ ಮೇಲಿನ ಪದರ
ಸಭ್ಯ ದುಭಾಷಿಯಂತೆ
ವಾಕ್ಯ ಪೂರ್ತಿಯಾಗಲೆಂದು ಕಾಯುತ್ತಿತ್ತು.

ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತು
ಮೂರು ಬೆಳಗು, ಸಿ ಭಾಷೆಯಲ್ಲಿ
ಮುನ್ನೂರ ಹನ್ನೊಂದು ಸಾಲು.
ಅಲಂಕಾರವಿಲ್ಲ. ಈ ಬೈಟು ಬಂದರೆ ಹೀಗೆ,
ಬಾರದಿದ್ದರೆ ಹಾಗೆ,
ಸೊಂಟ ಹೇಳುವಷ್ಟೇ ಬೇಗ.

ಇಪ್ಪತ್ತೆರಡು.
ಬೇಬಿಯಕ್ಕ ಹೊಗಳಲಿಲ್ಲ,
ಐಸಿನ ನೀರು ಸೋರುವ ಮೊದಲೇ ಚೀಟಿ ಹರಿದುಕೊಂಡರು.

ರಿಪೇರಿಯ ಗ್ರೆಗರಿ ಬಗ್ಗಿ ನೋಡಿ ನಕ್ಕರು:
"ಇದು ಕೊಯಮತ್ತೂರಿನದು ಮಾರಾಯ್ತಿ, ಪಕ್ಕದ್ದು ರಾಜಕೋಟಿನದು,
ಆಚೆಯದರ ಕಂಪನಿ ಮುಚ್ಚಿ ನಾಲ್ಕು ವರ್ಷ.
ಧಕ್ಕೆಯಲ್ಲಿ ಒಟ್ಟು ಹದಿನಾಲ್ಕುಂಟು."

ನನ್ನ ಸಾಲುಗಳು ಇದೊಂದರ ಮನೆಮಾತು.
ಮಳೆಗಾಲದ ರಜೆಯಲ್ಲಿ ಇದನ್ನು ಗುಜರಿಗೆ ಹಾಕಿದರೆ
ಆಮೇಲೆ ಆಡುವವರಿಲ್ಲ.
ನೀಲಿ ಗುಂಡಿ ಆಗಲೂ ಇರುತ್ತದೆ,
ಹೊಸ ತಕ್ಕಡಿಯ ಎದುರು, ಅಷ್ಟೇ ಚೆಂದಕ್ಕೆ,
ಒಂದು ಬುಟ್ಟಿ ಹಿಂದೆ.

ಬೆಳಕು ಹರಿಯಿತು. ಕೀಬೋರ್ಡಿನ ಸಂದಿಯಲ್ಲಿ
ಬೂತಾಯಿಯ ಹುರುಪೆ ಮಿನುಗಿತು.
ಗ್ರೆಗರಿಯ ಟಾರ್ಚು ಇಸಿದುಕೊಂಡು
ಎರಡನೆಯ ತಕ್ಕಡಿಯ ಬೆನ್ನು ತಿರುಗಿಸಿದೆ.

ಇದಕ್ಕೆ ಪಿನ್ನು ನಾಲ್ಕೇ.