ನೀರು ತುಟ್ಟಿ

ಸೆಕೆಂಡಿಗೆ ಅರವತ್ತು ಚಿತ್ರ ಬೀಳಬೇಕು,
ಅಂದ್ರ ಕುದುರಿ ಓಡಿದಂಗ.
ನಲವತ್ತೊಂದಕ್ಕ ಬಂದು ಮುಗ್ಗರಸತೈತಿ.

ಇಪ್ಪತ್ತು ವರ್ಷದ ಹಿಂದ ಯಾರೋ ಟಿವಿ ಸಲುವಾಗಿ ಕಟ್ಟಿದ ಆಟ.
ಈಗ ಅಂಗೈಯಾಗಿನ ಯಂತ್ರಕ್ಕ ಇಳಿಸಿ ಕೊಡಬೇಕು ನಾನು,
ಬಾಗಲಕೋಟಿ ನವನಗರದ ಎರಡನೇ ಮಹಡಿ ಕ್ವಾಣ್ಯಾಗ ಕುಂತು,
ಶ್ರಾವಣ ಬರೂದ್ರೊಳಗ.
ಮೇ ತಿಂಗಳ ಮಧ್ಯಾಹ್ನ. ಯಂತ್ರದ ಬೆನ್ನು
ರೊಟ್ಟಿ ಹಂಚು.

"ಹೊಸಾದು ಅಂತಿ, ಹಳೇದಕ್ಕಿಂತ ಗಟ್ಟಿ ಇರಬೇಕಲ್ಲ?"
ಕೇಳತಾಳ ಶಾವಂತ್ರತ್ತಿ, ತೊಗರಿಬ್ಯಾಳಿ ಹಸನ ಮಾಡಕೋತ.
ಗಟ್ಟಿ ಐತಿ ಅತ್ತಿ. ಆದ್ರ ಹೊಟ್ಟಿ ಸಣ್ಣದು.
ಅರವತ್ತು ಕೇಳಿದ್ರ ಒಂದ ತಾಸಿಗೆ ಬ್ಯಾಟರಿ ಖಾಲಿ,
ಮೂವತ್ತಂದ್ರ ಮೂರು ತಾಸು ತಾಳತೈತಿ.
ಮತ್ತ ಈ ಆಟಕ್ಕ ಹಳೇ ಯಂತ್ರದ ಮೈಗುಣ ರೂಢಿ,
ಯಾವ ಕದ ಎಲ್ಲಿ ಎತ್ತಿ ನೂಕಿದ್ರ ತೆರೀತೈತಿ ಅಂತ
ಗೊತ್ತಿದ್ದ ಸೊಸಿ ಹಂಗ.
ಇಲ್ಲಿ ಪ್ರತಿ ಮಾತಿಗೂ ದುಭಾಷಿ ಬೇಕು;
ಅರ್ಧ ಊಟ ಆ ದುಭಾಷಿನ ತಿಂತಾನ.

ಮೂವತ್ತಕ್ಕ ಇಳಿಸಿದೆ.
ಇಳಿಸಿದ್ದಕ್ಕ ಕುದುರಿ ಕೆಸರೊಳಗ ನಡದಂಗ ನಡೀತು.
ಕಟ್ಟಿದವರು ಹೊತ್ತು ಎಣಿಸಿದ್ದು ಗಡಿಯಾರದಿಂದಲ್ಲ,
ಚಿತ್ರದ ಮ್ಯಾಲ: ಒಂದು ಚಿತ್ರ, ಒಂದು ಹೆಜ್ಜಿ.
ಚಿತ್ರ ಅರ್ಧಾದ್ರ ಹಗಲು ಇಮ್ಮಡಿ.
ಆಟದೂರಾಗ ಸಂಜಿನ ಆಗವಲ್ದು,
ದೀಪ ಹಚ್ಚೂ ಮುದುಕ ಕಡ್ಡಿ ಗೀರಿ ನಿಂತಾನ,
ನಿಂತ ಅದಾನ.
ಮೂರು ರಾತ್ರಿ ಕುಂತು ಎಲ್ಲಾರ ಹೆಜ್ಜಿನೂ ಬಿಡಿಸಿ ಹೊಲದೆ.

ಬಯಲಾಗ ಮೂವತ್ತು ನಿಂತೈತಿ;
ಊರೊಳಗ ಹೊಕ್ಕರ ಹತ್ತೊಂಬತ್ತು.
ಆಮ್ಯಾಲ ಕೊಯ್ಯೂ ಕೆಲಸ.
ದೂರದ ಗುಡ್ಡಕ್ಕ ಮಂಜು ಹೊಚ್ಚಿದೆ.
ಮಂದಿ ನೆರಳು ತಗದು
ಕಾಲಬುಡಕ ಒಂದೊಂದು ಕರೇ ಬಿಲ್ಲಿ ಇಟ್ಟೆ.
ಹುಲ್ಲು ಮೂರರಾಗ ಒಂದು ಪಾಲು.
ಆದ್ರೂ ಲೆಕ್ಕ ತಗದು ನೋಡಿದ್ರ ಎಲ್ಲಾಕಿಂತ ತುಟ್ಟಿ ನೀರು:
ಹೊಳಿಯೊಳಗ ಮುಗಿಲು, ಗಿಡ, ಅಗಸಿ,
ಇಡೀ ಊರು ಎರಡನೇ ಸಲ ತಲಿಕೆಳಗ ಬರೀಬೇಕು.
ನೀರಾಗಿನ ಊರು ಅಳಿಸಿದೆ.
ಹನ್ನೊಂದು ಚಿತ್ರ ಉಳದ್ವು.

ಅತ್ತಿಗೆ ಹೇಳಿದೆ. ಆಕಿ ಮರ ಕೆಳಗಿಟ್ಟಳು.
"ಹದಿನಾರಂಕಣದ ಮನಿ ನಮ್ಮದು, ಮುಳುಗಿದ ಊರಾಗ.
ಮೂವತ್ತು ನಲವತ್ತರ ಸೈಟಿಗೆ ತಂದ್ವಿ.
ಹಗೇವು ಬರಲಿಲ್ಲ. ಪಡಸಾಲಿ ಬರಲಿಲ್ಲ.
ತಲಬಾಗಿಲ ಬಂತು, ಹೊಸ ಗ್ವಾಡಿಗೆ ಎತ್ತರ ಆತು,
ನಿಮ್ಮ ಮಾಮಾ ಮ್ಯಾಲಿಂದ ಒಂದು ಗೇಣು ಕೊಯ್ಸಿದ್ರು.
ಗಿಳಿ ಇದ್ವು ಅಲ್ಲಿ, ಜ್ವಾಡಿ."
ಕೊಯ್ದ ತುಂಡು?
"ಒಲಿಗೆ ಹಾಕಿ ನೀರು ಕಾಯ್ಸಿ ಎರಕೊಂಡ್ವಿ."
ಮತ್ತ ಬ್ಯಾಳಿ ಆರಸಾಕ ಹತ್ತಿದಳು.

ಸಂಜಿಮುಂದ ಗೌಸಪೀರ ಬಂದ,
ಸಿಮೆಂಟ್ ಗೋಡೌನಿನ ಕೆಲಸ ಮುಗಿಸಿ, ಕಣ್ರೆಪ್ಪಿ ಬೆಳ್ಳಗ.
ಕಾಕಾನ ಟಿವಿಯಾಗ ಈ ಆಟ ಆಡಿ ಬೆಳದಾಂವ;
ಹೆಬ್ಬೆಟ್ಟಿಗೆ ಎಲ್ಲಾ ನೆನಪೈತಿ.
ಹುಲ್ಲು ಹೋಗಿದ್ದು ಅಂವಗ ಕಾಣಲಿಲ್ಲ,
ನೆರಳಿಲ್ಲದ ಮಂದಿ ನಡುವ ಆರಾಮ ಹಾದ.
ಹೊಳಿ ದಂಡಿಗೆ ಬಂದು ತಡದ.
"ಅಕ್ಕಾ, ಇಲ್ಲಿ ಕುದುರಿ ತಲಿ ಬಗ್ಗಿಸಿ ತನ್ನ ಮಾರಿ ನೋಡಕೋತಿತ್ತು.
ಈಗೂ ಬಗ್ಗಸತೈತಿ.
ಏನ್ ನೋಡತೈತ್ರಿ?"

ಬೂದಿ ಬಣ್ಣದ ನೀರು. ನಾನೂ ಬಗ್ಗಿ ನೋಡಿದೆ.

ಗುಡ್ಡದ ಮ್ಯಾಲಿನ ಹನ್ನೆರಡು ದೀಪ ಆರಿಸಿ
ಆ ಒಂದು ದಂಡಿಗೆ, ಒಂದು ಮಾರಷ್ಟು ನೀರಿಗೆ
ಕುದುರಿ ಮಾರಿ ತಿರುಗಿ ಕೊಟ್ಟೆ.
ಊರಿಲ್ಲ, ಮುಗಿಲಿಲ್ಲ; ಮಾರಿ ಅಷ್ಟ.
ಅಲ್ಲಿ ಬಂದಾಗ ಇಪ್ಪತ್ತಾರಕ್ಕ ಬೀಳತೈತಿ.
ಕೈಯಾಗ ಯಂತ್ರ ಸಣ್ಣಗ ಬಿಸಿ ಆಗತೈತಿ.

ವರದಿಯಾಗ ಬರದೆ: ಗೊತ್ತಿದ್ದ ದೋಷ, ಒಂದು.
ತಿದ್ದೂದಿಲ್ಲ.